ಜೀವಂತ ಜ್ವಾಲಾಮುಖಿಗೆ ಒಂದು ದಿನದ ಟೂರ್: ಕರಾವಳಿಯಿಂದ ಹೊರಡುವವರು ಯಾವುದನ್ನು ಆರಿಸಬೇಕು?

ಬಾಲಿ ಪ್ಯಾಕೇಜ್ ಈಗ ಮಂಗಳೂರು, ಉಡುಪಿಯಲ್ಲಿ ಹೊಸ ಮಾತೇನಲ್ಲ. ಹೊಸದಾಗಿ ಮದುವೆಯಾದವರು ಹೋಗುತ್ತಾರೆ. ನಿವೃತ್ತರಾದ ಬ್ಯಾಂಕಿನವರು ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಎಲ್‌ಟಿಸಿ, ಅಂದರೆ ನೌಕರರಿಗೆ ಸಿಗುವ ರಜಾ ಪ್ರಯಾಣದ ಸೌಲಭ್ಯ, ಇರುವವರು ಅಂಡಮಾನ್ ಕಡೆ ಹೊರಡುತ್ತಾರೆ. ಎರಡೂ ಪ್ಯಾಕೇಜಿನ ಪಟ್ಟಿಯಲ್ಲಿ ಜ್ವಾಲಾಮುಖಿ ಟೂರ್ ಅಂತ ಒಂದು ಸಾಲು ಇರುತ್ತದೆ. ಪಕ್ಕದಲ್ಲಿ ಕೆಂಪು ಲಾವಾ ಚಿಮ್ಮುವ ಫೋಟೋ. ಎಷ್ಟೋ ಸಲ ಆ ಫೋಟೋ ಆ ಬೆಟ್ಟದ್ದೇ ಆಗಿರುವುದಿಲ್ಲ.

ನೆಂಟರು, ಪರಿಚಯದವರು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಯಾವುದು ಚೆಂದ? ಯಾವುದು ಅಗ್ಗ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಜ್ವಾಲಾಮುಖಿಯ ವಿಷಯದಲ್ಲಿ ನಾನು ಮೊದಲು ನೋಡುವುದು ಬೇರೆ. ಆ ದಿನ ಬೆಟ್ಟದ ಸ್ಥಿತಿ ಸರಿಯಿಲ್ಲದಿದ್ದರೆ ‘ಇವತ್ತು ಬೇಡ’ ಎಂದು ಹೇಳುವವರು ಯಾರು? ಹಾಗೆ ಹೇಳಿದರೆ ನಾವು ಕಟ್ಟಿದ ದುಡ್ಡು ಏನಾಗುತ್ತದೆ? ಈ ಎರಡಕ್ಕೆ ತಡವರಿಸದೆ ಉತ್ತರ ಕೊಡುವವರ ಜೊತೆ ಹೋಗಬೇಕು. ಯಾಕೆ ಎಂದು ಮುಂದೆ ಹೇಳುತ್ತೇನೆ.

ನಿಮಗೆ ನೋಡಬೇಕಾದ್ದು ಏನು?

ಜೀವಂತ ಜ್ವಾಲಾಮುಖಿ ಎಂದ ಕೂಡಲೇ ಹರಿಯುವ ಬೆಂಕಿ ಕಾಣುತ್ತದೆ ಎಂದು ಅಂದುಕೊಳ್ಳಬೇಡಿ. ಜೀವಂತ ಅಂದರೆ ಮತ್ತೆ ಉಕ್ಕುವ ಸಾಧ್ಯತೆ ಇರುವಂಥದ್ದು, ಅಷ್ಟೇ. ಇಂಥ ಬೆಟ್ಟಗಳಲ್ಲಿ ಬಹುಪಾಲಿನವು ವರ್ಷದ ಹೆಚ್ಚಿನ ದಿನ ಹೊಗೆ, ಬಿಸಿ ಹಬೆ, ಗಂಧಕದ ವಾಸನೆ ಬಿಟ್ಟರೆ ಬೇರೇನೂ ತೋರಿಸುವುದಿಲ್ಲ. ಕೆಂಪು ಲಾವಾ ಕಾಣುವುದು ಕೆಲವೇ ಕಡೆ, ಅದೂ ದೂರದಿಂದ, ಕತ್ತಲಲ್ಲಿ.

ಲಾವಾ ಆರಿದ ಮೇಲೆ ಏನಾಗುತ್ತದೆ ಎಂದು ನೋಡಲು ನಮಗೆ ವಿಮಾನವೇ ಬೇಡ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ, ಊರಿನವರ ತೋನ್ಸೆಪಾರಿಗೆ, ಹೋಗಿ ಬಂದರೆ ಸಾಕು. ಅಲ್ಲಿ ನಿಂತಿರುವ ಕಲ್ಲಿನ ಕಂಬಗಳು ಲಾವಾ ತಣಿಯುತ್ತಾ ಕುಗ್ಗಿ, ಬಿರುಕು ಬಿಟ್ಟು ಆದವು. ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದವು. ಆ ಬೆಂಕಿ ಆರಿ ಯಾವುದೋ ಕಾಲವಾಯಿತು. ಆದರೆ ಮಕ್ಕಳನ್ನು ಬಾಲಿಗೋ ಜಾವಾಕ್ಕೋ ಕರೆದುಕೊಂಡು ಹೋಗುವ ಮೊದಲು ಒಂದು ಭಾನುವಾರ ಇಲ್ಲಿಗೆ ಕರೆದುಕೊಂಡು ಹೋಗಿ ಎಂದು ನಾನು ಒತ್ತಿ ಹೇಳುತ್ತೇನೆ. ಅಲ್ಲಿ ಕಪ್ಪು ಲಾವಾ ನೋಡಿದಾಗ ‘ಇದೇ ಮುಂದೆ ಮಲ್ಪೆಯ ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯುವುದಾ?’ ಎಂದು ಮಕ್ಕಳು ಕೇಳುತ್ತಾರೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ನೆನಪಿರಲಿ.

ಅಂಡಮಾನ್: ಇಲ್ಲಿ ಸ್ವಲ್ಪ ಎಚ್ಚರ

ಭಾರತದ ಒಂದೇ ಒಂದು ಜೀವಂತ ಜ್ವಾಲಾಮುಖಿ ಬ್ಯಾರನ್ ದ್ವೀಪ. ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯ ಪುರಂನಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್. ಅದು ಉಕ್ಕಿದ್ದು ಮೊದಲು ದಾಖಲಾದದ್ದು 1787ರಲ್ಲಿ. ಆಮೇಲೆ ದೀರ್ಘ ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಆಗಿನಿಂದ ಆಗಾಗ ಹೊಗೆ, ಬೂದಿ, ಲಾವಾ ಕಾರುತ್ತಲೇ ಇದೆ. ನೀರಿನ ಮೇಲೆ ಕಾಣುವುದು ಸುಮಾರು 350 ಮೀಟರ್ ಎತ್ತರ. ಸಮುದ್ರದ ತಳದಿಂದ ಅಳೆದರೆ 2 ಕಿಲೋಮೀಟರಿಗೂ ಜಾಸ್ತಿ.

ಇಲ್ಲಿ ಪ್ರವಾಸಿಗರು ದ್ವೀಪಕ್ಕೆ ಇಳಿಯುವಂತಿಲ್ಲ. ದೋಣಿಯಲ್ಲೋ ಹಡಗಿನಲ್ಲೋ ಕೂತು ದೂರದಿಂದ ನೋಡಬೇಕು. ಅದಕ್ಕೂ ಅನುಮತಿ ಬೇಕು. ಬಾಡಿಗೆ ದೋಣಿ ದುಬಾರಿ. ಹೋಗಿ ಬರಲು ಕನಿಷ್ಠ ಒಂದು ಇಡೀ ದಿನ. ಸಮುದ್ರ ಏರಿದರೆ ಟ್ರಿಪ್ ರದ್ದು. ಅಲ್ಲಿ ಹೋದ ದಿನ ಬೆಟ್ಟ ಸುಮ್ಮನಿದ್ದರೆ ಕಾಣುವುದು ಕಪ್ಪು ಇಳಿಜಾರು ಮತ್ತು ತೆಳ್ಳಗೆ ಹೊಗೆ. ಸಮುದ್ರವೇ ಇಷ್ಟ, ಡೈವಿಂಗ್ ಗೊತ್ತಿದೆ ಎನ್ನುವವರಿಗೆ ಇದು ಅಪರೂಪದ ದಿನ. ಉಳಿದವರು ಇದನ್ನೇ ನಂಬಿಕೊಂಡು ಅಂಡಮಾನಿಗೆ ಹೋಗಬೇಡಿ.

ಎಚ್ಚರ ಬೇಕಾದ್ದು ಇನ್ನೊಂದು ಕಡೆ. ಅಂಡಮಾನಿನ ಅಗ್ಗದ ಪ್ಯಾಕೇಜುಗಳಲ್ಲಿ ಜ್ವಾಲಾಮುಖಿ ಎಂದು ಇರುವುದು ಹೆಚ್ಚಾಗಿ ಬಾರಾಟಾಂಗಿನ ಮಣ್ಣಿನ ಗುಳ್ಳೆಗಳು. ನೆಲದೊಳಗಿನ ಅನಿಲ ಕೆಸರನ್ನು ಮೇಲೆ ತಳ್ಳಿ ಗುಳುಗುಳು ಎನ್ನಿಸುತ್ತದೆ. ಲಾವಾಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾರಾಟಾಂಗಿಗೆ ಹೋಗುವ ದಾರಿ ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನ ಮೂಲಕ. ಬೆಳಿಗ್ಗೆ ಬೇಗ ಜಿರ್ಕಟಾಂಗ್ ಚೆಕ್‌ಪೋಸ್ಟಿನಿಂದ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ದಾರಿಯಲ್ಲಿ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ‘ಜಾರವಾದವರನ್ನು ತೋರಿಸುತ್ತೇವೆ’ ಎಂದು ಏಜೆಂಟ್ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಆ ಜನ ನೋಡುವ ವಸ್ತುವಲ್ಲ. ಸುಣ್ಣದ ಕಲ್ಲಿನ ಗುಹೆ, ಕಾಂಡ್ಲಾ ಕಾಡಿನ ನಡುವಿನ ದೋಣಿ ದಾರಿಗಾಗಿ ಬಾರಾಟಾಂಗಿಗೆ ಹೋಗಬಹುದು. ಜ್ವಾಲಾಮುಖಿಗಾಗಿ ಬೇಡ.

ಬಾತುರ್: ಬಾಲಿಗೆ ಹೋದವರಿಗೆ ಸುಲಭದ ಆಯ್ಕೆ

ಬಾಲಿಯ ಬಾತುರ್ 1,717 ಮೀಟರ್. ನಮ್ಮ ಕುಮಾರ ಪರ್ವತ 1,712 ಮೀಟರ್. ಸಂಖ್ಯೆ ನೋಡಿ ಹೆದರಬೇಡಿ. ಕುಕ್ಕೆಯಿಂದ ಗಿರಿಗದ್ದೆ ದಾಟಿ ಕುಮಾರ ಪರ್ವತ ಹತ್ತುವುದೆಂದರೆ ಹೆಚ್ಚುಕಡಿಮೆ ಬುಡದಿಂದಲೇ ಹತ್ತಿದ ಹಾಗೆ. ಬಾತುರಿನಲ್ಲಿ ವಾಹನವೇ ಸಾವಿರ ಮೀಟರ್ ಮೇಲಕ್ಕೆ ಕರೆದುಕೊಂಡು ಹೋಗಿ ಬಿಡುತ್ತದೆ. ಉಳಿದದ್ದು ಎರಡು ಗಂಟೆಯ ಹತ್ತುವಿಕೆ. ಕೊನೆಯ ಭಾಗದಲ್ಲಿ ಸಡಿಲ ಕಲ್ಲು, ಬೂದಿ. ಹತ್ತುವಾಗ ಏದುಸಿರು, ಇಳಿಯುವಾಗ ಮೊಣಕಾಲು. ಚಾರಣ ಮಾಡಿ ಅಭ್ಯಾಸ ಇರುವವರಿಗೆ ಇದು ಕಷ್ಟವೇ ಅಲ್ಲ.

ಉಬುದ್ ಕಡೆ ಉಳಿದುಕೊಂಡರೆ ರಾತ್ರಿ ಎರಡು ಗಂಟೆಗೆ ಗಾಡಿ ಬರುತ್ತದೆ. ಕುಟಾದಲ್ಲಿ ಉಳಿದರೆ ಇನ್ನೂ ಬೇಗ. ನಾಲ್ಕಕ್ಕೆ ಟಾರ್ಚ್ ಹಿಡಿದು ಹತ್ತಲು ಶುರು. ಮೇಲೆ ಸೂರ್ಯೋದಯ, ಕೆಳಗೆ ಕೆರೆ, ಎದುರಿಗೆ ಅಗುಂಗ್ ಬೆಟ್ಟ. ಕಲ್ಲಿನ ಸಂದಿಯಿಂದ ಬರುವ ಬಿಸಿ ಹಬೆಯಲ್ಲಿ ಗೈಡ್ ಮೊಟ್ಟೆ ಬೇಯಿಸಿ ಕೊಡುತ್ತಾರೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಬ್ರೆಡ್ ಇರುತ್ತದೆ. ಹಿಂದಿನ ದಿನವೇ ಹೇಳಿಡಿ. ನಮ್ಮ ಮನೆಯವರು ಡಬ್ಬಿಯಲ್ಲಿ ಗೊಜ್ಜವಲಕ್ಕಿ ಕಟ್ಟಿಕೊಂಡೇ ಹೋಗುತ್ತಾರೆ. ಆ ಚಳಿಯಲ್ಲಿ ಅದಕ್ಕಿಂತ ರುಚಿಯಾದದ್ದು ನಾನು ತಿಂದಿಲ್ಲ.

ಈ ಬೆಟ್ಟ ಕೊನೆಯ ಸಲ ಉಕ್ಕಿದ್ದು 2000ದಲ್ಲಿ. 1926ರಲ್ಲಿ ಹರಿದ ಲಾವಾ ಕೆಳಗಿನ ಬಾತುರ್ ಹಳ್ಳಿಯನ್ನೇ ಮುಚ್ಚಿತು. ಊರಿನವರು ತಮ್ಮ ದೇವಸ್ಥಾನವನ್ನು ಮೇಲಿನ ಅಂಚಿಗೆ ತಂದು ಹೊಸದಾಗಿ ಕಟ್ಟಿಕೊಂಡರು. ಇವತ್ತು ನೀವು ಕಿಂತಾಮಣಿಯಲ್ಲಿ ನೋಡುವ ಉಲುನ್ ದಾನು ಬಾತುರ್ ದೇವಸ್ಥಾನ ಅದು. ಬೆಟ್ಟ ಇಳಿದ ಮೇಲೆ ಹೆಚ್ಚಿನ ಟೂರ್‌ಗಳು ಕಾಫಿ ತೋಟ, ಬಿಸಿನೀರಿನ ಕೊಳ ಎಂದು ತಿರುಗಿಸುತ್ತವೆ. ಕಾಫಿ ತೋಟ ಬಿಟ್ಟರೂ ನಡೆಯುತ್ತದೆ, ದೇವಸ್ಥಾನ ಬಿಡಬೇಡಿ. ಊರಿನ ಕಥೆ ಗೊತ್ತಿದ್ದು ಅಲ್ಲಿ ನಿಂತರೆ ಬೆಟ್ಟ ಬೇರೆಯೇ ಆಗಿ ಕಾಣುತ್ತದೆ.

ಹತ್ತಲು ಆಗದವರಿಗೆ ಜೀಪ್ ಟೂರ್ ಇದೆ. ಶಿಖರಕ್ಕೆ ಹೋಗುವುದಿಲ್ಲ. ಎದುರಿನ ದಿಣ್ಣೆಯಿಂದ ಸೂರ್ಯೋದಯ ತೋರಿಸಿ, ಆಮೇಲೆ 1963ರಲ್ಲಿ ಹರಿದ ಲಾವಾದ ಕಪ್ಪು ಬಯಲಿಗೆ ಕರೆದುಕೊಂಡು ಹೋಗುತ್ತಾರೆ. ನನಗೆ ಕೇಳಿದರೆ ಆ ಕಪ್ಪು ಬಯಲೇ ಶಿಖರಕ್ಕಿಂತ ಜಾಸ್ತಿ ಹೇಳುತ್ತದೆ. ಶಿಖರದಲ್ಲಿ ಎಲ್ಲರೂ ಸೂರ್ಯನಿಗೆ ಮುಖ ಮಾಡಿ, ಬೆಟ್ಟಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ರಜೆಯ ದಿನಗಳಲ್ಲಿ ಜನವೋ ಜನ.

ಇಜೆನ್: ನೀಲಿ ಬೆಂಕಿ, ಆದರೆ ಎಲ್ಲರಿಗೂ ಅಲ್ಲ

ಪೂರ್ವ ಜಾವಾದ ಇಜೆನ್ ಬಗ್ಗೆ ಜಾಸ್ತಿ ಬರೆಯುತ್ತೇನೆ. ಫೋಟೋ ನೋಡಿ ಹೆಚ್ಚು ಜನ ಮರುಳಾಗುವುದು ಇದಕ್ಕೇ.

ಇಲ್ಲಿನ ಕುಳಿಯಲ್ಲಿ ಒಂದು ಕೆರೆ ಇದೆ. ಹಸಿರು ನೀಲಿ ಬಣ್ಣ, ಸುಮಾರು ಒಂದು ಕಿಲೋಮೀಟರ್ ಅಗಲ. ನೀರಲ್ಲ, ಕಟು ಆಮ್ಲ. ಇಷ್ಟು ದೊಡ್ಡ ಆಮ್ಲದ ಕುಳಿ ಕೆರೆ ಜಗತ್ತಿನಲ್ಲಿ ಇನ್ನೊಂದಿಲ್ಲ. ದಡದಲ್ಲಿ ನೆಲದಿಂದ ಗಂಧಕದ ಅನಿಲ ಬಹಳ ಬಿಸಿಯಾಗಿ ಹೊರಬಂದು ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಅದರ ಬಣ್ಣ ನೀಲಿ. ಉರಿಯುವುದು ಗಂಧಕ, ಲಾವಾ ಅಲ್ಲ. ಹಗಲಲ್ಲೂ ಉರಿಯುತ್ತಿರುತ್ತದೆ, ಕಾಣುವುದಿಲ್ಲ ಅಷ್ಟೇ. ಹಾಗಾಗಿ ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು.

ಪಾಲ್ತುದಿಂಗ್ ಎಂಬಲ್ಲಿ ಗಾಡಿ ನಿಲ್ಲುತ್ತದೆ. ಅಲ್ಲಿಂದ ಕುಳಿಯ ಅಂಚಿಗೆ ಮೂರು ಕಿಲೋಮೀಟರ್ ಏರು. ದಾರಿ ಅಗಲವಾಗಿದೆ, ಏರು ಚುರುಕಾಗಿದೆ. ನಡೆಯಲಾಗದವರನ್ನು ಕೈಗಾಡಿಯಲ್ಲಿ ಕೂರಿಸಿ ಎಳೆಯುವವರೂ ಇದ್ದಾರೆ. ಅವರಲ್ಲಿ ಹಲವರು ಮೊದಲು ಗಂಧಕ ಹೊರುತ್ತಿದ್ದವರು. ಅಂಚಿನಿಂದ ನೀಲಿ ಬೆಂಕಿಯ ಹತ್ತಿರಕ್ಕೆ ಕುಳಿಯೊಳಗೆ ಇಳಿಯಬೇಕು. ಅದು ಕಲ್ಲುಬಂಡೆಗಳ ಕಡಿದಾದ ದಾರಿ, ಕತ್ತಲು, ಹೊಗೆ. ಅದೇ ದಾರಿಯಲ್ಲಿ ಎದುರಿನಿಂದ ಬುಟ್ಟಿ ಹೊತ್ತವರು ಬರುತ್ತಾರೆ. ಒಬ್ಬೊಬ್ಬರ ಹೆಗಲ ಮೇಲೆ 70ರಿಂದ 90 ಕಿಲೋ ಗಂಧಕ. ಅವರಿಗೆ ದಾರಿ ಬಿಡಿ. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ, ಏನಾದರೂ ಕೊಡಿ. ಅವರ ದುಡಿಮೆಯ ಜಾಗಕ್ಕೆ ನಾವು ಅತಿಥಿಗಳು.

ಕುಳಿಗೆ ಇಳಿಯಲು ಬಿಡುತ್ತಾರೋ ಇಲ್ಲವೋ ಎನ್ನುವುದು ಅನಿಲದ ಮೇಲೆ ಹೋಗುತ್ತದೆ. ‘ನೀಲಿ ಬೆಂಕಿ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ಆ ಟೂರ್ ಬೇಡ. ಗ್ಯಾರಂಟಿ ಕೊಡುವವನು ಬೇಲಿ ಹಾರಿಯಾದರೂ ತೋರಿಸುತ್ತಾನೆ. 2024ರ ಏಪ್ರಿಲ್‌ನಲ್ಲಿ ಫೋಟೋಗೆ ನಿಂತ ಒಬ್ಬ ಪ್ರವಾಸಿ ಮಹಿಳೆ ಇದೇ ಅಂಚಿನಿಂದ ಬಿದ್ದು ತೀರಿಕೊಂಡರು. ಗೈಡ್ ಜೊತೆಯಲ್ಲೇ ಇದ್ದರು.

ಮಾಸ್ಕ್ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಕೋವಿಡ್ ಕಾಲದ ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಗಂಧಕದ ಅನಿಲ ತಡೆಯುವುದಿಲ್ಲ. ಬದಿಯಲ್ಲಿ ಫಿಲ್ಟರ್ ಡಬ್ಬಿ ಇರುವ ಗ್ಯಾಸ್ ಮಾಸ್ಕೇ ಬೇಕು. ಫಿಲ್ಟರ್ ಎಷ್ಟು ಹಳೆಯದು ಎಂದು ಕೇಳಿ. ಕಾಂಟ್ಯಾಕ್ಟ್ ಲೆನ್ಸ್ ಬೇಡ, ಕನ್ನಡಕ ಹಾಕಿ. ಬೆಳ್ಳಿಯ ಕಾಲುಂಗುರ, ಗೆಜ್ಜೆ ಹೋಟೆಲಿನಲ್ಲೇ ಇಟ್ಟು ಹೋಗಿ, ಕಪ್ಪಾಗುತ್ತವೆ. ಅಸ್ತಮಾ ಇರುವವರು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಈ ಬೆಟ್ಟಕ್ಕೆ ಹೋಗುವುದೇ ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಪ್ರವೇಶಕ್ಕೆ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಅದನ್ನು ‘ನಾವೇ ಮಾಡಿಸಿಕೊಡುತ್ತೇವೆ, ನೀವು ಬರುವುದೇ ಬೇಡ’ ಎನ್ನುವ ಏಜೆಂಟ್ ನಿಮ್ಮ ಎದೆ ನೋಡುತ್ತಿಲ್ಲ, ಬರೇ ಕಾಗದ ನೋಡುತ್ತಿದ್ದಾನೆ.

ಇನ್ನು ಬಾಲಿಯಿಂದ ಇಜೆನ್‌ಗೆ ಒಂದು ದಿನದ ಟೂರ್ ಎಂದು ಮಾರುತ್ತಾರಲ್ಲ, ಅದನ್ನು ಬಿಡಿಸಿ ನೋಡಿ. ರಾತ್ರಿ ಹೊರಟು ಗಿಲಿಮಾನುಕ್ ತನಕ ರಸ್ತೆ. ಅಲ್ಲಿಂದ ಹಡಗಿನಲ್ಲಿ ಜಲಸಂಧಿ ದಾಟಿ ಜಾವಾದ ಕೇತಾಪಾಂಗ್. ಮತ್ತೆ ರಸ್ತೆ, ಹತ್ತುವಿಕೆ, ಇಳಿಯುವಿಕೆ. ಅದೇ ದಾರಿಯಲ್ಲಿ ವಾಪಸ್. ನಿದ್ದೆ ಎಂಬುದೇ ಇಲ್ಲ. 2025ರ ಜುಲೈಯಲ್ಲಿ ಈ ಜಲಸಂಧಿಯಲ್ಲೇ ಒಂದು ಹಡಗು ರಾತ್ರಿ ಮುಳುಗಿ ಹಲವರು ತೀರಿಕೊಂಡರು. ಇಜೆನ್ ನೋಡಲೇಬೇಕು ಎಂದಿದ್ದರೆ ಹಿಂದಿನ ದಿನ ಹಗಲಲ್ಲೇ ದಾಟಿ ಬಾನ್ಯುವಾಂಗಿಯಲ್ಲಿ ಉಳಿಯಿರಿ. ಒಂದು ರಾತ್ರಿಯ ಹೋಟೆಲ್ ಖರ್ಚು ಹೆಚ್ಚಾಗುತ್ತದೆ. ನಿದ್ದೆ ಮಾಡಿದ ಕಾಲು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲುತ್ತದೆ, ಡ್ರೈವರ್‌ಗೂ ನಿದ್ದೆಯಾಗಿರುತ್ತದೆ.

ಬ್ರೋಮೋ: ಅಪ್ಪ ಅಮ್ಮ ಜೊತೆಗಿದ್ದರೆ ಇದೇ

ಮನೆಯವರೆಲ್ಲ ಒಟ್ಟಾಗಿ ಹೋಗುವುದಾದರೆ ನನ್ನ ಮತ ಬ್ರೋಮೋಗೆ. ಇದೂ ಪೂರ್ವ ಜಾವಾದಲ್ಲೇ ಇದೆ, ಎತ್ತರ 2,329 ಮೀಟರ್. ಆದರೆ ಜೀಪ್ ಬಹುತೇಕ ದೂರ ಹೋಗುತ್ತದೆ. ಹಳೆಯ ಕಾಲದಲ್ಲಿ ಕುಸಿದ ದೊಡ್ಡ ಕುಳಿಯೊಳಗೆ ಬೂದಿಯ ಮರಳುಗಾಡು. ಅದರ ನಡುವೆ ಹೊಗೆಯಾಡುವ ಬ್ರೋಮೋ. ಎದುರಿನ ಪೆನಾಂಜಕನ್ ದಿಣ್ಣೆಯಿಂದ ಬೆಳಗಾಗುವುದನ್ನು ನೋಡಿ, ಆಮೇಲೆ ಕೆಳಗೆ ಬಂದು ಮರಳು ದಾಟಿ, ಸುಮಾರು 250 ಮೆಟ್ಟಿಲು ಹತ್ತಿದರೆ ಕುಳಿಯ ಬಾಯಿ. ಮರಳು ದಾಟಲು ಕುದುರೆ ಸಿಗುತ್ತದೆ.

ನಮ್ಮವರಿಗೆ ಇಲ್ಲಿ ಇನ್ನೊಂದು ಸೆಳೆತ ಇದೆ. ಸುತ್ತಲಿನ ತೆಂಗರ್ ಜನ ಹಿಂದೂಗಳು. ಕುಳಿಯ ಅಂಚಿನಲ್ಲೇ ಒಂದು ಗಣಪತಿ ಇದ್ದಾನೆ. ವರ್ಷಕ್ಕೊಮ್ಮೆ ಕಸಾದಾ ಹಬ್ಬದಲ್ಲಿ ತರಕಾರಿ, ಧಾನ್ಯ, ಕೋಳಿಯನ್ನೆಲ್ಲ ಬೆಟ್ಟಕ್ಕೆ ಅರ್ಪಿಸುತ್ತಾರೆ. ನನ್ನ ಅತ್ತೆ ಮೆಟ್ಟಿಲು ಹತ್ತಲಿಲ್ಲ, ಮೊಣಕಾಲು ನೋವು. ಮರಳಿನಲ್ಲೇ ನಿಂತು ‘ಇಲ್ಲಿಂದಲೇ ಕೈಮುಗಿದೆ, ಅಷ್ಟು ಸಾಕು ಮಗಾ’ ಎಂದರು. ಹಾಗೆ ಅರ್ಧದಲ್ಲಿ ನಿಂತರೂ ನೋಡಿದ ತೃಪ್ತಿ ಕೊಡುವುದೇ ಬ್ರೋಮೋದ ದೊಡ್ಡ ಗುಣ. ಬಾತುರಿನಲ್ಲಿ, ಇಜೆನ್‌ನಲ್ಲಿ ಅರ್ಧದಲ್ಲಿ ನಿಂತವರಿಗೆ ಕತ್ತಲು ಬಿಟ್ಟರೆ ಏನೂ ಸಿಗುವುದಿಲ್ಲ.

ಮೆಟ್ಟಿಲು ಹತ್ತುವ ಮೊದಲು ಒಂದು ವಿಷಯ ನೋಡಿ. ಇಂಡೋನೇಷ್ಯಾ ಸರ್ಕಾರ ತನ್ನ ಜ್ವಾಲಾಮುಖಿಗಳಿಗೆ ನಾಲ್ಕು ಮಟ್ಟದ ಎಚ್ಚರಿಕೆ ಕೊಡುತ್ತದೆ. ಒಂದು ಅಂದರೆ ಮಾಮೂಲಿ, ನಾಲ್ಕು ಅಂದರೆ ಜನ ಖಾಲಿ ಮಾಡಬೇಕು. ಬ್ರೋಮೋ ಎರಡನೇ ಮಟ್ಟದಲ್ಲಿರುವಾಗ ಬಾಯಿಯಿಂದ ಒಂದು ಕಿಲೋಮೀಟರ್ ಒಳಗೆ ಹೋಗಬೇಡಿ ಎಂಬ ಸೂಚನೆ ಇರುತ್ತದೆ. ಆಗಲೂ ಜನ ಹತ್ತುತ್ತಿರುತ್ತಾರೆ. ನೀವು ಹತ್ತಬೇಡಿ. ಪೆನಾಂಜಕನ್ ನೋಟ ಒಂದೇ ಸಾಕು ಆ ಪ್ರಯಾಣಕ್ಕೆ.

ಚಳಿ ಮಾತ್ರ ನಮ್ಮ ಕರಾವಳಿಯವರ ಅಂದಾಜಿಗೆ ಸಿಗುವಂಥದ್ದಲ್ಲ ಮಾರಾಯ್ರೆ. ಜುಲೈ, ಆಗಸ್ಟ್‌ನಲ್ಲಿ ಕೆಲವು ಬೆಳಿಗ್ಗೆ ಅಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಸ್ವೆಟರ್, ಟೊಪ್ಪಿ, ಕೈಗವಸು ಬೇಕು. ಶಾಲು ಹೊದ್ದುಕೊಂಡರೆ ಸಾಲುವುದಿಲ್ಲ. ಬೂದಿಯ ಧೂಳಿಗೆ ಇಲ್ಲಿ ಎನ್95 ಸಾಕು.

ಬೆಂಕಿಯೇ ಬೇಕು ಎನ್ನುವವರಿಗೆ: ಎಟ್ನಾ, ಸ್ಟ್ರೋಂಬೋಲಿ

ಇವು ಇಟಲಿಯಲ್ಲಿ. ಶೆಂಗೆನ್ ವೀಸಾ ಬೇಕು, 90 ಯೂರೋ ಶುಲ್ಕ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಬರೇ ಜ್ವಾಲಾಮುಖಿಗೆಂದು ಯಾರೂ ಇಷ್ಟು ಖರ್ಚು ಮಾಡುವುದಿಲ್ಲ. ಯುರೋಪ್ ಪ್ರವಾಸ ಹೇಗೂ ಇದ್ದರೆ ಸಿಸಿಲಿಗೆ ಮೂರು ದಿನ ಸೇರಿಸಿ.

ಎಟ್ನಾ 3,300 ಮೀಟರಿಗೂ ಎತ್ತರ, ಯುರೋಪಿನಲ್ಲಿ ಬಹಳ ಚುರುಕಾದ ಜ್ವಾಲಾಮುಖಿಗಳಲ್ಲಿ ಒಂದು. ಕತಾನಿಯಾ ಊರಿನಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಕೇಬಲ್ ಕಾರ್ 2,500 ಮೀಟರ್ ತನಕ. ಅಲ್ಲಿಂದ ಮೇಲೆ ದೊಡ್ಡ ಚಕ್ರದ ಬಸ್ಸು, ನಡಿಗೆ. ಶಿಖರದ ಕುಳಿಗಳಿಗೆ ಪರವಾನಗಿ ಇರುವ ಗೈಡ್ ಇಲ್ಲದೆ ಹೋಗುವಂತಿಲ್ಲ. ಎಷ್ಟು ಎತ್ತರದ ತನಕ ಬಿಡಬೇಕು ಎಂದು ಅಧಿಕಾರಿಗಳು ಬೆಟ್ಟದ ಸ್ಥಿತಿ ನೋಡಿ ಆದೇಶ ಹೊರಡಿಸುತ್ತಾರೆ. ನನಗೆ ಈ ವ್ಯವಸ್ಥೆಯ ಮೇಲೆ ಗೌರವ ಇದೆ. ‘ಇವತ್ತು 2,500ರ ತನಕ ಮಾತ್ರ’ ಎಂದರೆ ಅಷ್ಟೇ. 2025ರ ಜೂನ್ 2ರಂದು ಆಗ್ನೇಯ ಕುಳಿಯ ಒಂದು ಭಾಗ ಕುಸಿದು ಬಿಸಿ ಬೂದಿಯ ಮೋಡ ಇಳಿಜಾರಿನಲ್ಲಿ ನುಗ್ಗಿತು. ಇಳಿಯುತ್ತಿದ್ದ ಪ್ರವಾಸಿಗರು ಓಡಿದರು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ.

ಸ್ಟ್ರೋಂಬೋಲಿ ಸಣ್ಣ ದ್ವೀಪ, 924 ಮೀಟರ್. ಇಲ್ಲಿ ಬೆಂಕಿ ನೋಡುವ ಸಾಧ್ಯತೆ ಬೇರೆ ಎಲ್ಲ ಕಡೆಗಿಂತ ಜಾಸ್ತಿ. ಶತಮಾನಗಳಿಂದ ಕೆಲವು ನಿಮಿಷಗಳಿಗೊಮ್ಮೆ ಕೆಂಡ ಚಿಮ್ಮುತ್ತಲೇ ಇದೆ. 2019ರ ಜುಲೈ 3ರಂದು ಅದು ಎಂದಿಗಿಂತ ಜೋರಾಗಿ ಸಿಡಿದು ಒಬ್ಬ ಚಾರಣಿಗ ಸತ್ತ ಮೇಲೆ ಶಿಖರದ ದಾರಿ ಮುಚ್ಚಿತು. ಈಚಿನ ವರ್ಷಗಳಲ್ಲಿ ಗೈಡ್ ಜೊತೆ 400 ಮೀಟರ್ ತನಕ, ಗೈಡ್ ಇಲ್ಲದೆ 290 ಮೀಟರ್ ತನಕ ಬಿಡುತ್ತಾರೆ. ಹತ್ತಲೇಬೇಕೆಂದಿಲ್ಲ. ಕತ್ತಲಾಗುವ ಹೊತ್ತಿಗೆ ದೋಣಿಯಲ್ಲಿ ದ್ವೀಪದ ಇನ್ನೊಂದು ಬದಿಗೆ ಹೋಗಿ ಸಮುದ್ರದಿಂದಲೇ ನೋಡುವ ಟೂರ್ ಇದೆ. ವಯಸ್ಸಾದವರೂ ಕೂತು ನೋಡಬಹುದು. ಬೆಂಕಿ ಮಾತ್ರ ನೋಡಬೇಕು, ಮೈ ನೋಯಿಸಿಕೊಳ್ಳಬಾರದು ಎನ್ನುವವರಿಗೆ ನಾನು ಹೇಳುವುದು ಇದೊಂದನ್ನೇ.

ಐಸ್‌ಲ್ಯಾಂಡಿನ ರೇಕ್ಯನೆಸ್ ಕಡೆ 2021ರಿಂದ ಮತ್ತೆ ಮತ್ತೆ ಲಾವಾ ಉಕ್ಕಿದೆ. ಆದರೆ ಉಕ್ಕುವ ವಾರಕ್ಕೆ ಸರಿಯಾಗಿ ನಮಗೆ ವೀಸಾ ಸಿಗುವುದಿಲ್ಲ. ಹವಾಯಿಯ ಕಿಲಾವೇಯಾದಲ್ಲಿ ಗೈಡ್ ಇಲ್ಲದೆಯೇ ಪಾರ್ಕಿನ ವ್ಯೂ ಪಾಯಿಂಟಿನಿಂದ ನೋಡಬಹುದು. ಅಮೆರಿಕದಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಗೈಡ್ ಇದ್ದರೆ ಸುರಕ್ಷಿತವಾ?

ಅಷ್ಟರಿಂದಲೇ ಅಲ್ಲ. ನ್ಯೂಜಿಲೆಂಡಿನ ವೈಟ್ ಐಲ್ಯಾಂಡ್ ಇಂಥದ್ದೇ ಒಂದು ದಿನದ ಗೈಡ್ ಟೂರ್ ಆಗಿತ್ತು. 2019ರ ಡಿಸೆಂಬರ್ 9ರಂದು ದ್ವೀಪದ ಮೇಲೆ 47 ಜನ ಇದ್ದಾಗ ಅದು ಸಿಡಿಯಿತು. ಸತ್ತವರು 22 ಜನ, ಅವರಲ್ಲಿ ಗೈಡ್‌ಗಳೂ ಇದ್ದರು. ಎಚ್ಚರಿಕೆಯ ಮಟ್ಟ ಕೆಲವು ವಾರ ಮೊದಲೇ ಎರಡಕ್ಕೆ ಏರಿತ್ತು. ಟೂರ್ ನಿಂತಿರಲಿಲ್ಲ. ಸುಮಾತ್ರಾದ ಮರಾಪಿಯಲ್ಲಿ 2023ರ ಡಿಸೆಂಬರ್ 3ರಂದು 24 ಚಾರಣಿಗರು ಸತ್ತರು. ಅಲ್ಲೂ ಎರಡನೇ ಮಟ್ಟ. ಕುಳಿಯಿಂದ ಮೂರು ಕಿಲೋಮೀಟರ್ ದೂರ ಇರಿ ಎಂದು ವಿಜ್ಞಾನಿಗಳು ಹೇಳಿದ್ದರು, ಹತ್ತುವ ಟಿಕೆಟ್ ಮಾತ್ರ ಮಾರಾಟವಾಗುತ್ತಲೇ ಇತ್ತು. ಜಪಾನಿನ ಒಂಟಾಕೆಯಲ್ಲಿ 2014ರ ಸೆಪ್ಟೆಂಬರ್ 27ರಂದು ಸತ್ತವರು, ಕಾಣೆಯಾದವರು ಸೇರಿ 63 ಜನ. ಅಲ್ಲಿ ಎಚ್ಚರಿಕೆ ಒಂದನೇ ಮಟ್ಟದಲ್ಲೇ ಇತ್ತು.

ಇಂಥ ಸಿಡಿತಗಳಿಗೆ ಹೊಸ ಲಾವಾ ಮೇಲೆ ಬರಬೇಕೆಂದೇ ಇಲ್ಲ. ಬೆಟ್ಟದೊಳಗೆ ಸೇರಿಕೊಂಡ ನೀರು ಕಾದು ಹಬೆಯಾಗುತ್ತದೆ. ಹೊರಗೆ ಹೋಗುವ ದಾರಿ ಕಟ್ಟಿಕೊಂಡರೆ, ಸೀಟಿ ಕಟ್ಟಿದ ಕುಕ್ಕರಿನಂತೆ ಒಮ್ಮೆಗೇ ಒಡೆಯುತ್ತದೆ. ಮುಂಚಿತವಾಗಿ ಲಕ್ಷಣ ತೋರಿಸುವುದು ಕಡಿಮೆ. ಹಾಗಾಗಿ ಕುಳಿಯ ಬಾಯಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ ಎನ್ನುವುದೇ ಮುಖ್ಯ. ನೋಡಿ, ಫೋಟೋ ತೆಗೆದು, ಇಳಿದುಬಿಡಿ. ಬಾಯಿಯ ಅಂಚಿನಲ್ಲಿ ಕೂತು ತಿಂಡಿ ತಿನ್ನುವ ಟೂರ್ ನನಗೆ ಇಷ್ಟವಿಲ್ಲ.

ಏಜೆಂಟಿಗೆ ಫೋನ್ ಮಾಡಿದಾಗ ಕೇಳಬೇಕಾದ್ದು ಹೀಗೆ. ಬೆಟ್ಟದ ಈಗಿನ ಎಚ್ಚರಿಕೆಯ ಮಟ್ಟ ಎಷ್ಟು? ಗೊತ್ತಿಲ್ಲ ಎಂದರೆ ಅಲ್ಲೇ ಒಂದು ಅಂಕ ಕಳೆಯಿರಿ. ಇಂಡೋನೇಷ್ಯಾದ್ದಾದರೆ ಮ್ಯಾಗ್ಮಾ ಇಂಡೋನೇಷ್ಯಾ ಎಂಬ ಸರ್ಕಾರಿ ತಾಣದಲ್ಲಿ ನೀವೇ ನೋಡಬಹುದು. ಮಟ್ಟ ಏರಿದರೆ ದುಡ್ಡು ವಾಪಸಾ, ಬೇರೆ ಜಾಗವಾ? ಬರಹದಲ್ಲಿ ಕೊಡುತ್ತೀರಾ? ಗೈಡ್ ಅದೇ ಊರಿನವರಾ? ಒಬ್ಬ ಗೈಡ್‌ಗೆ ಎಷ್ಟು ಜನ? ಒಬ್ಬರಿಗೆ ಸುಸ್ತಾಗಿ ಇಳಿಯಬೇಕಾದರೆ ಜೊತೆಗೆ ಯಾರು ಬರುತ್ತಾರೆ? ಈ ಕೊನೆಯ ಪ್ರಶ್ನೆಗೆ ಹಲವರಲ್ಲಿ ಉತ್ತರವೇ ಇರುವುದಿಲ್ಲ. ನಮ್ಮ ಊರಿನ ಒಬ್ಬ ಏಜೆಂಟ್ ನನಗೆ ‘ಏನೂ ಆಗುವುದಿಲ್ಲ ಸಾರ್, ಸುಮ್ನೆ ಟೆನ್ಶನ್ ಮಾಡಬೇಡಿ’ ಎಂದಿದ್ದರು. ನಾನು ಬೇರೆಯವರ ಹತ್ತಿರ ಬುಕ್ ಮಾಡಿದೆ. ಹೆಚ್ಚು ದುಡ್ಡು ಕೊಟ್ಟದ್ದಕ್ಕೆ ಬೇಸರವಿಲ್ಲ.

ಯಾವಾಗ, ಹೇಗೆ ಹೊರಡುವುದು

ಇಂಡೋನೇಷ್ಯಾದ ಒಣ ಕಾಲ ಏಪ್ರಿಲ್‌ನಿಂದ ಅಕ್ಟೋಬರ್. ಮಕ್ಕಳ ಬೇಸಿಗೆ ರಜೆಗೂ ದಸರಾ ರಜೆಗೂ ಸರಿಹೊಂದುತ್ತದೆ. ನಡುವಿನ ತಿಂಗಳುಗಳಲ್ಲಿ ಅಲ್ಲಿ ಆಕಾಶ ತಿಳಿಯಾಗಿರುತ್ತದೆ, ಇಲ್ಲಿ ಮಳೆ ಹೊಡೆಯುತ್ತಿರುತ್ತದೆ. ಬೆಂಗಳೂರಿನಿಂದ ವಿಮಾನ ಹಿಡಿಯುವವರು ಜುಲೈ, ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯನ್ನು ನಂಬಿ ಅದೇ ದಿನ ಹೊರಡಬೇಡಿ. ಗುಡ್ಡ ಜಾರಿದರೆ ರಸ್ತೆಯೂ ಇಲ್ಲ, ರೈಲೂ ಇಲ್ಲ. ಒಂದು ದಿನ ಮೊದಲೇ ಬೆಂಗಳೂರು ಸೇರಿ, ಇಲ್ಲವೇ ಬಜ್ಪೆಯಿಂದಲೇ ವಿಮಾನ ಹತ್ತಿ. ಅಂಡಮಾನಿಗೆ ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯದು, ಸಮುದ್ರ ಶಾಂತವಾಗಿರುತ್ತದೆ.

ಇಂಡೋನೇಷ್ಯಾಕ್ಕೆ ನಮಗೆ ಅಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ, 30 ದಿನಕ್ಕೆ 5 ಲಕ್ಷ ರುಪಿಯಾ, ಅಂದರೆ ಅಲ್ಲಿನ ದುಡ್ಡಿನಲ್ಲಿ. ಬಾಲಿಗೆ 2024ರಿಂದ ಒಬ್ಬರಿಗೆ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ಶುಲ್ಕ ಬೇರೆ ಇದೆ. ಪ್ಯಾಕೇಜ್ ದರದಲ್ಲಿ ಇವೆರಡು ಸೇರಿವೆಯಾ ಎಂದು ಕೇಳಿಕೊಳ್ಳಿ.

ವಿಮೆ ತೆಗೆದುಕೊಳ್ಳುವಾಗ ಚಾರಣಕ್ಕೆ ಎಷ್ಟು ಎತ್ತರದ ತನಕ ರಕ್ಷಣೆ ಇದೆ, ಬೂದಿಯಿಂದ ವಿಮಾನ ರದ್ದಾದರೆ ಏನು ಕೊಡುತ್ತಾರೆ ಎಂಬ ಎರಡು ಸಾಲು ಹುಡುಕಿ ಓದಿ. ನೀವು ಹತ್ತುವ ಬೆಟ್ಟವೇ ಉಕ್ಕಬೇಕೆಂದಿಲ್ಲ. 2024ರ ನವೆಂಬರ್‌ನಲ್ಲಿ ಫ್ಲೋರೆಸ್ ದ್ವೀಪದ ಲೆವೊತೊಬಿ ಉಕ್ಕಿ, ಅಷ್ಟು ದೂರದ ಬಾಲಿಯಲ್ಲಿ ವಿಮಾನಗಳು ರದ್ದಾದವು. 2025ರ ಜೂನ್‌ನಲ್ಲಿ ಅದೇ ಬೆಟ್ಟದಿಂದಾಗಿ ದೆಹಲಿಯಿಂದ ಬಾಲಿಗೆ ಹೊರಟ ವಿಮಾನ ಅರ್ಧದಿಂದ ವಾಪಸ್ ಬಂತು. ಹಾಗಾಗಿ ಬೆಟ್ಟದ ಟೂರನ್ನು ಪ್ರವಾಸದ ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ. ರದ್ದಾದರೆ ಇನ್ನೊಂದು ಬೆಳಿಗ್ಗೆ ಉಳಿದಿರುತ್ತದೆ. ವಾಪಸ್ ಬಂದ ಮರುದಿನವೇ ಮದುವೆಯೋ, ಪರೀಕ್ಷೆಯೋ, ಆಫೀಸಿನ ದೊಡ್ಡ ಕೆಲಸವೋ ಇಟ್ಟುಕೊಳ್ಳಬೇಡಿ. ಬಿಪಿ, ಶುಗರ್ ಮಾತ್ರೆಗಳನ್ನು ಲೆಕ್ಕಕ್ಕಿಂತ ನಾಲ್ಕೈದು ದಿನ ಹೆಚ್ಚಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ.